ಗೊರವಂಕ ತಂದ ಸಾಕ್ಷಿ

ಮಕ್ಕಳೇ, ಎರಡು ಗುಡ್ಡಗಳ ನಡುವಿನ ಕುರುಚಲು ಕಾಡಿನಲ್ಲಿ ಒಂದೇ ಒಂದು ಒರತೆ ಇತ್ತು. ಬಂಡೆಯ ಸಂದಿನಿಂದ ನೀರು ಸಣ್ಣಗೆ ಜಿನುಗಿ ಕೆಳಗಿನ ಗುಂಡಿಯಲ್ಲಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಇಡೀ ಕಾಡಿಗೆ ಅದೇ ಕುಡಿಯುವ ನೀರು.

ಒರತೆಯ ಪಕ್ಕದ ಮುತ್ತುಗದ ಮರದ ಪೊಟರೆಯಲ್ಲಿ ಒಂದು ಗೊರವಂಕ ಗೂಡು ಕಟ್ಟಿಕೊಂಡಿತ್ತು. ಒಂದು ಬೆಳಿಗ್ಗೆ ಅದು ಕಣ್ಣು ಬಿಟ್ಟು ನೋಡಿದರೆ, ಕಾಡುಹಂದಿ ಒರತೆಯ ಬಾಯಿಗೇ ಕೋರೆ ಹಾಕಿ ಗೆಡ್ಡೆ ಅಗೆಯುತ್ತಿದೆ! ಮಣ್ಣು ಕುಸಿದು ನೀರಿಗೆ ಬೀಳುತ್ತಿದೆ.

"ಹಂದಿಯಣ್ಣ, ಅದು ಎಲ್ಲರೂ ಕುಡಿಯೋ ನೀರು!"

"ನೀನು ಕುಡಿಯೋದು ನಾಲ್ಕು ಹನಿ. ಅಷ್ಟಕ್ಕೆ ಇಷ್ಟು ಗಲಾಟೆನಾ?" ಎಂದು ಹಂದಿ ಅಗೆಯುವುದನ್ನು ಮುಂದುವರಿಸಿತು.

ಎರಡೇ ದಿನದಲ್ಲಿ ನೀರು ನಾರತೊಡಗಿತು. ಅದನ್ನು ಕುಡಿದ ಜಿಂಕೆಮರಿಯೊಂದು ಕಾಯಿಲೆ ಬಿದ್ದು ಮಲಗಿಬಿಟ್ಟಿತು. ಗೊರವಂಕ ಸುಮ್ಮನಿರಲಿಲ್ಲ. ಮರದಿಂದ ಮರಕ್ಕೆ ಹಾರಿ, "ಹಂದಿ ಒರತೆ ಕೆಡಿಸ್ತಿದೆ! ಮರಿಗಳನ್ನ ಅಲ್ಲಿಗೆ ಬಿಡಬೇಡಿ!" ಎಂದು ಕೂಗಿತು.

ಹಂದಿಗೆ ಸಿಟ್ಟು ನೆತ್ತಿಗೇರಿತು. ಆ ಕಾಡಿನಲ್ಲಿ ನ್ಯಾಯ ಹೇಳುತ್ತಿದ್ದದ್ದು ಮುದಿ ಆಮೆ. ಎಲ್ಲರೂ ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಹಂದಿ ಅಜ್ಜಿಯ ಮುಂದೆ ಹೋಗಿ ದೂರು ಕೊಟ್ಟಿತು.

"ಅಜ್ಜೀ, ಅಂಗೈಯಷ್ಟು ಹಕ್ಕಿ, ಕಾಡಿನಷ್ಟು ಬಾಯಿ! ಬೇಸಿಗೆಯಲ್ಲಿ ತಳ ಕಂಡ ನೀರು ಕೆಸರಾಗೋದು ಹೊಸದೇ? ನನ್ನ ಮರ್ಯಾದೆ ಹೋಯ್ತು. ಮುಂದಿನ ಮಳೆಗಾಲದವರೆಗೆ ಅದು ಬಾಯಿ ತೆರೆಯಬಾರದು ಅಂತ ಅಪ್ಪಣೆ ಕೊಡಿ."

ಆ ಕಾಡಿನಲ್ಲಿ ಕೂಗಿನ ಕಾಯಿದೆ ಎಂದು ಒಂದಿತ್ತು. ಹಿಂದೊಮ್ಮೆ ಕಾಳ್ಗಿಚ್ಚು ಕಂಡು ಕೂಗಿದ ಮಂಗವನ್ನು, ನಿದ್ದೆ ಕೆಡಿಸಿತೆಂದು ಕೆಲವರು ತಿಂಗಳುಗಟ್ಟಲೆ ನ್ಯಾಯಕ್ಕೆ ಎಳೆದಾಡಿದ್ದರು. ಮರುವರ್ಷ ಬೆಂಕಿ ಬಿದ್ದಾಗ ಮಂಗ ತುಟಿ ಬಿಚ್ಚಲಿಲ್ಲ. ಅರ್ಧ ಕಾಡು ಸುಟ್ಟುಹೋಯಿತು. ಅಂದಿನಿಂದ ಒಂದು ಕಟ್ಟಳೆ: ಎಲ್ಲರ ಒಳಿತಿಗಾಗಿ ಕೂಗಿದವರ ಮೇಲೆ ಬಾಯಿ ಮುಚ್ಚಿಸಲೆಂದು ದೂರು ತಂದರೆ, ಕೂಗಿದವರು ತಾವು ಕಂಡದ್ದನ್ನು ಹೇಳಿದರೆ ಸಾಕು. ಆ ದೂರನ್ನು ಮೊದಲ ದಿನವೇ ತಳ್ಳಿಹಾಕಬೇಕು.

ಕಂಡದ್ದನ್ನು ಹೇಳಿದರೆ ಸಾಕು. ಆದರೂ ನ್ಯಾಯದ ದಿನ ಗೊರವಂಕಕ್ಕೆ ದಿಗಿಲಾಯಿತು. 'ನೋಡಿದ್ದು ನಾನೊಬ್ಬಳೇ. ಹಂದಿಯ ಎದುರು ನನ್ನ ಮಾತು ಎಷ್ಟು ತೂಗುತ್ತೆ?' ಎಂದುಕೊಂಡು ಮೊಲದ ಪೊದೆಗೆ ಹಾರಿತು.

"ಮೊಲದಣ್ಣ, ಹಂದಿ ಅಗೆದದ್ದನ್ನ ನೀನೂ ನೋಡಿದೆ ಅಂತ ಹೇಳಿಬಿಡು."

"ನಾನು ನೋಡಲಿಲ್ಲವಲ್ಲೇ!"

"ನಾನು ನೋಡಿದೀನಲ್ಲ. ನಡೆದದ್ದು ನಿಜ ತಾನೇ? ನಿಜಕ್ಕೆ ಇನ್ನೊಂದು ಬಾಯಿ ಸೇರಿಸಿದರೆ ಏನು ತಪ್ಪು?"

ಮೊಲ ಮೀಸೆ ಕುಣಿಸಿ ಒಪ್ಪಿಕೊಂಡಿತು. ಆಮೆಯಜ್ಜಿಯ ಮುಂದೆ ಕಲಿಸಿದ್ದನ್ನೆಲ್ಲ ಒಪ್ಪಿಸಿತು. ಅಜ್ಜಿ ಕಾಯಿದೆಯಂತೆ ಹಂದಿಯ ದೂರನ್ನು ಅಂದೇ ತಳ್ಳಿಹಾಕಿತು. "ಒರತೆಗೆ ಕಾವಲು ಹಾಕಬೇಕೋ ಬೇಡವೋ, ನಾಡಿದ್ದು ಎಲ್ಲರೂ ಸೇರಿ ತೀರ್ಮಾನಿಸೋಣ" ಎಂದಿತು.

ಮೊಲಕ್ಕೆ ಈಗ ಎಲ್ಲಿಲ್ಲದ ಜಂಬ. ಕಂಡಕಂಡವರಿಗೆಲ್ಲ "ನಾನೇ ಸಾಕ್ಷಿ" ಎಂದು ಹೇಳಿಕೊಂಡು ತಿರುಗಿತು.

ಜಿಂಕೆ ಕೇಳಿತು: "ಅಲ್ಲವೋ, ಆಗ ನೀನು ಕಾಲಿಗೆ ಮುಳ್ಳು ಚುಚ್ಚಿ ಎಂಟು ದಿನ ಪೊದೆಯಲ್ಲೇ ಬಿದ್ದಿದ್ದೆ. ನಾನೇ ಅಲ್ಲವಾ ನಿನಗೆ ಗರಿಕೆ ತಂದುಕೊಟ್ಟಿದ್ದು? ಒರತೆ ಹತ್ತಿರ ಯಾವಾಗ ಹೋಗಿದ್ದೆ?"

ಮೊಲ ತಡಬಡಿಸಿತು. ಅಲ್ಲೇ ಕೆಸರಿನಲ್ಲಿ ಮಲಗಿದ್ದ ಹಂದಿಯ ಕಿವಿ ನೆಟ್ಟಗಾಯಿತು.

ಕಾವಲಿನ ಮಾತಿಗೆ ಎಲ್ಲರೂ ಸೇರಿದ ದಿನ ಹಂದಿ ಮುಂದೆ ಬಂತು. "ಅಜ್ಜೀ, ನಿಮ್ಮೆದುರು ಸುಳ್ಳು ಸಾಕ್ಷಿ ನಿಲ್ಲಿಸಿದ್ದಾಳೆ ಇವಳು. ಶಿಕ್ಷೆ ಆಗಬೇಕು."

ಮೊಲ ತಲೆ ತಗ್ಗಿಸಿ, ತಾನು ನೋಡಿಲ್ಲವೆಂದು ಒಪ್ಪಿಕೊಂಡಿತು. ಗೊರವಂಕ ರೆಕ್ಕೆ ಬಡಿಯಿತು. "ನೋಡಿ, ನೋಡಿ! ಮತ್ತೆ ನನ್ನ ಬಾಯಿ ಮುಚ್ಚಿಸೋಕೆ ಬಂದ! ಕೂಗಿನ ಕಾಯಿದೆ ಇದೆಯಲ್ಲ ಅಜ್ಜೀ, ಇದನ್ನೂ ತಳ್ಳಿಹಾಕಿ."

"ಹೌದು ಹೌದು, ತಳ್ಳಿಹಾಕಿ!" ಎಂದು ಸುತ್ತಲಿನವರು ಕೂಗಿದರು. ಹಂದಿಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ.

ಆಮೆಯಜ್ಜಿ ಚಿಪ್ಪಿನೊಳಗಿಂದ ತಲೆಯನ್ನು ಮೆಲ್ಲಗೆ ಹೊರಗೆ ಚಾಚಿತು.

"ಮಗಳೇ, ಮೊನ್ನೆ ಹಂದಿ ತಂದದ್ದು ನಿನ್ನ ಕೂಗಿನ ಮೇಲಿನ ದೂರು. ಕಾಯಿದೆ ನಿನಗೆ ಅಡ್ಡ ನಿಂತು ಕಾಪಾಡಿತು. ಇವತ್ತಿನದು ಹೊಸ ದೂರಲ್ಲ. ಆ ದೂರಿನ ವಿಚಾರಣೆಯಲ್ಲಿ, ನನ್ನ ಕಣ್ಣೆದುರು ನೀನು ಮಾಡಿದ ತಪ್ಪಿನ ಮಾತು. ನಿನ್ನ ಕೂಗನ್ನ ಕಾಯೋದು ಕಾಯಿದೆಯ ಕೆಲಸ. ಇಲ್ಲಿ ಹೇಳೋ ಮಾತನ್ನ ಕಾಯೋದು ನನ್ನ ಕೆಲಸ. ಇಲ್ಲಿ ಸುಳ್ಳು ಹೇಳಿ ಕಾಯಿದೆಯ ಹಿಂದೆ ಅಡಗಬಹುದು ಅಂತಾದರೆ, ನಾಳೆ ಹಂದಿಯೂ ಹತ್ತು ಸುಳ್ಳು ಸಾಕ್ಷಿ ತರುತ್ತೆ. ಆಗ ಏನು ಮಾಡ್ತೀಯ?"



ಅಜ್ಜಿ ಹಂದಿಯ ಕಡೆ ತಿರುಗಿತು. "ಏನು ಶಿಕ್ಷೆ ಕೊಡಲಪ್ಪ?"

"ಇನ್ನು ಮೇಲೆ ಅದು ಕೂಗಲೇಬಾರದು."

"ಆಹಾ! ಹಳೇ ದೂರಿಗೆ ಹೊಸ ವೇಷ ಹಾಕಿ ತಂದೆಯಾ? ಅದು ಆಗದು. ಶಿಕ್ಷೆ ಸುಳ್ಳಿಗೆ ಮಾತ್ರ, ಕೂಗಿಗಲ್ಲ." ಅಜ್ಜಿ ಗೊರವಂಕವನ್ನೇ ನೋಡುತ್ತ ಹೇಳಿತು: "ಒರತೆಯ ಸುದ್ದಿ ಎಷ್ಟು ಮರದಲ್ಲಿ ಕೂತು ಕೂಗಿದೆಯೋ ಅಷ್ಟೂ ಮರದಲ್ಲಿ ಕೂತು, ಮೊಲದ ಸಾಕ್ಷಿ ಸುಳ್ಳು ಅಂತ ಕೂಗಿ ಬಾ."

ಅದಕ್ಕಿಂತ ದೊಡ್ಡ ನಷ್ಟ ಆಗಲೇ ಆಗಿತ್ತು. "ಸಾಕ್ಷಿ ಸುಳ್ಳಾದರೆ ಒರತೆಯ ಮಾತೂ ಸುಳ್ಳೇ ಇರಬೇಕು" ಎನ್ನುತ್ತ ಎಲ್ಲರೂ ಎದ್ದು ಹೋದರು. ಕಾವಲಿನ ಮಾತನ್ನು ಯಾರೂ ಎತ್ತಲಿಲ್ಲ. ಕೆಲವರು ಮರಿಗಳನ್ನು ಕರೆದುಕೊಂಡು ಅದೇ ನೀರಿಗೆ ಹೊರಟರು.

ಗೊರವಂಕ ಮರಮರಕ್ಕೂ ಹೋಗಿ ಕೂಗಿತು. "ಮೊಲ ಏನೂ ನೋಡಿರಲಿಲ್ಲ. ನಾನೇ ಸುಳ್ಳು ಹೇಳಿಸಿದೆ." ಕೆಳಗಿನಿಂದ ನಗು, ಛೀ ಥೂ ಎಲ್ಲ ಕೇಳಿಬಂತು. ಆದರೂ ಒಂದು ಮರವನ್ನೂ ಬಿಡಲಿಲ್ಲ.

ಕೊನೆಯ ಮರದ ಕೆಳಗೆ ಜಿಂಕೆ ತನ್ನ ಕಾಯಿಲೆಯ ಮರಿಯನ್ನು ನೆಕ್ಕುತ್ತ ನಿಂತಿತ್ತು.

"ಹಾಗಾದರೆ ಒರತೆಯ ಮಾತು?"

"ಅದು ನಿಜ ಅಕ್ಕ. ನೋಡಿದ್ದು ನಾನೊಬ್ಬಳೇ."

ಜಿಂಕೆ ಅದನ್ನೇ ದಿಟ್ಟಿಸಿತು. "ಅಷ್ಟು ಹೇಳಿದ್ದರೆ ಸಾಕಾಗಿತ್ತಲ್ಲ ತಂಗಿ. ತನ್ನ ಸುಳ್ಳನ್ನ ತಾನೇ ಹೀಗೆ ಸಾರಿಕೊಂಡು ಬಂದವಳು ಈಗ ಮತ್ತೆ ಯಾಕೆ ಸುಳ್ಳು ಹೇಳ್ತಾಳೆ? ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ನನ್ನ ಕಣ್ಣಲ್ಲೇ ನೋಡ್ತೀನಿ."

ಮರುದಿನ ಬೆಳಕು ಹರಿಯುವಾಗ ಹಂದಿ ಬಾಲ ಅಲ್ಲಾಡಿಸುತ್ತ ಒರತೆಗೆ ಬಂತು. ಬಂಡೆಯ ಸಂದಿಗೆ ಕೋರೆ ತೂರಿಸಿ, ದಪ್ಪನೆಯ ಗೆಡ್ಡೆಯೊಂದನ್ನು ಕಿತ್ತು, ಅಗಿಯುತ್ತ ತಲೆಯೆತ್ತಿತು. ಎದುರಿಗೆ ಜಿಂಕೆಯ ಹಿಂಡಿಗೆ ಹಿಂಡೇ ನಿಂತಿತ್ತು.

"ನಾನು... ನೀರು ಕುಡಿಯೋಕೆ ಬಂದೆ" ಎಂದಿತು ಹಂದಿ, ಬಾಯಿ ತುಂಬ ಗೆಡ್ಡೆ ಇಟ್ಟುಕೊಂಡು.

ಮುತ್ತುಗದ ಮರದ ಮೇಲಿದ್ದ ಗೊರವಂಕ ಅಂದು ಒಂದು ಮಾತನ್ನೂ ಆಡಲಿಲ್ಲ. ಆಡುವ ಅಗತ್ಯವೇ ಬೀಳಲಿಲ್ಲ.

ನೀತಿ: ನಿಜ ಹೇಳುವವರಿಗೆ ಕೊಟ್ಟ ರಕ್ಷಣೆ ಅವರ ಸುಳ್ಳಿಗೆ ಸಲ್ಲುವುದಿಲ್ಲ, ಕಂಡ ನಿಜವನ್ನು ಕಂಡಷ್ಟೇ ಹೇಳಬೇಕು.