ಬರಿದಾಗಿ ಬಂದ ಜೋಳಿಗೆ

ನಂದಿಕೊಪ್ಪದ ವಿರಕ್ತಮಠದ ಶ್ರೀ ಚೆನ್ನವೃಷಭ ಅಪ್ಪಗಳು ಗೋದಲಿಯ ಬಳಿ ಕುಳಿತು ದನಗಳಿಗೆ ಕಣಿಕೆ ಕತ್ತರಿಸುತ್ತಿದ್ದರು. ಬಳೆಗಾರ ಈರಸಂಗಪ್ಪ ಕುಂಟುತ್ತ ಬಂದು ಅಡ್ಡಬಿದ್ದ.

ಓಣಿ ಓಣಿ ತಿರುಗಿ ಬಳೆ ಮಾರಿದ ಕಾಲು ಈಗ ನೂರು ಹೆಜ್ಜೆಗೇ ಮೀನಖಂಡ ಹಿಡಿದು ನಿಲ್ಲಿಸಿಬಿಡುತ್ತಿತ್ತು. ನಿಂತಲ್ಲೆಲ್ಲ ಹೆಂಗಸರು ಮದ್ದು ಹೇಳುವವರೇ. ಹರಳೆಣ್ಣೆ ಮೇಲೋ ಉಪ್ಪಿನ ಶಾಖ ಮೇಲೋ ಎಂದು ಅವರವರಲ್ಲೇ ಜಗಳ ಹತ್ತಿ, ಬಳೆ ಕೊಳ್ಳುವುದು ಮರೆತೇಹೋಗುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರ ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆ, ಅಲಕ್ಷ್ಯ ಮಾಡಿದರೆ ಕಾಲೇ ಹೋದೀತು ಎಂದಿದ್ದರು. ಈರಸಂಗಪ್ಪನ ನಿದ್ದೆ ಅಂದೇ ಹೋಯಿತು.

ಅವನು ಮೂರು ಮಡಿಸಿದ ಚೀಟಿಗಳನ್ನು ಅಪ್ಪಗಳ ಮುಂದಿಟ್ಟ. ಒಂದರಲ್ಲಿ ಗುಳಿಗೆ, ಒಂದರಲ್ಲಿ ನಾಳಕ್ಕೆ ಬಲೂನು, ಇನ್ನೊಂದರಲ್ಲಿ ಆಪರೇಷನ್ನು. ಗದ್ದುಗೆಯ ಮುಂದೆ ಚೀಟಿ ಎತ್ತಿಸಿ ಲಗ್ನವನ್ನೇ ಗೊತ್ತುಮಾಡುವ ಊರು. ಕಾಲಿನ ವಿಚಾರವೂ ಹಾಗೇ ತೀರಲಿ ಎಂದು ಅವನ ಆಸೆ.

ಅಪ್ಪಗಳು ಚೀಟಿ ಬಿಡಿಸಲಿಲ್ಲ. ಹೊರಮೈ ನೋಡಿದರು. ಬೀಡಿ ಕಟ್ಟಿನ ಕಾಗದ.

"ಡಾಕ್ಟರು ಎಲ್ಲಾಕಿಂತ ಮೊದಲ ಏನ್ ಹೇಳಿದ್ರು?"

ಈರಸಂಗಪ್ಪ ನೆಲ ನೋಡುತ್ತ ಒಪ್ಪಿಸಿದ. ಬೀಡಿ ಬಿಡು, ಗುಳಿಗೆ ನುಂಗು, ನೋವು ಬರುವತನಕ ನಡೆ, ನಿಲ್ಲು, ಇಳಿದ ಮೇಲೆ ಮತ್ತೆ ನಡೆ. ಇದಕ್ಕೂ ಬಗ್ಗದಿದ್ದರೆ ಬಲೂನು, ಆಪರೇಷನ್ನು ಎಂದಿದ್ದರಂತೆ.

"ನಡದ್ರ ನೋಯತೈತ್ರೀ ಅಪ್ಪಾರ. ಅದಕ್ಕ ಅದನ್ನ ಬರೀಲಿಲ್ಲ."

ಅಪ್ಪಗಳು ನಕ್ಕು, ಮಠದ ಭಿಕ್ಷೆಯ ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದರು.

"ಕಾಲು ನಿಲ್ಲಿಸಿದ ಮನಿ ಮುಂದ ಅಷ್ಟ ಬೇಡು. ನೋವು ಇಳದ ಮ್ಯಾಲ ಮುಂದ ನಡಿ. ಗುಳಗಿ ಬಿಡಬ್ಯಾಡ. ಜೋಳಿಗಿ ನಿನ್ನ ಮನ್ಯಾಗ ಇರಲಿ."

ಜೋಳಿಗೆ ಇರುವ ಮನೆಯಲ್ಲಿ ಬೀಡಿ ಹೊತ್ತಿಸುವಂತಿಲ್ಲ, ಅದನ್ನು ಹೆಗಲಿಗೆ ಹಾಕಿಕೊಂಡವನು ಬೀದಿಯಲ್ಲೂ ಸೇದುವಂತಿಲ್ಲ. ಮೊದಲ ವಾರ ಈರಸಂಗಪ್ಪ ಭಕ್ತಿಯಿಂದಲೇ ಅಪ್ಪಗಳನ್ನು ಮನಸಿನಲ್ಲಿ ಬೈದುಕೊಂಡ. ಹತ್ತು ಮನೆಯ ಮುಂದೆ ನಿಂತ. ಜೋಳಿಗೆ ತುಂಬ ರೊಟ್ಟಿ, ಕಿವಿ ತುಂಬ ಹರಳೆಣ್ಣೆ. ಬರುಬರುತ್ತ ಎಂಟು ಮನೆಯಾಯಿತು, ಐದಾಯಿತು. ಬಲೂನಿಗೆ ಅವಸರವಿಲ್ಲ ಎಂದು ಡಾಕ್ಟರೂ ಹೇಳಿದರು.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಅವನು ಊರು ಸುತ್ತಿ ಮಠಕ್ಕೆ ಬಂದಾಗ ಅಡುಗೆಯ ಶಂಕ್ರಮ್ಮ ಜೋಳಿಗೆಗೆ ಕೈಹಾಕಿದಳು. ಒಂದು ಚೂರು ರೊಟ್ಟಿಯೂ ಇಲ್ಲ. ಯಾರೂ ನೀಡಲಿಲ್ಲವೇ ಎಂದು ಕೇಳಿದಳು.

ಈರಸಂಗಪ್ಪ ತಾನು ಬಂದ ದಾರಿಯತ್ತ ತಿರುಗಿ ನೋಡಿದ. ಯಾರೂ ಇಲ್ಲವೆಂದಿರಲಿಲ್ಲ. ಅವನು ಯಾರ ಮನೆಯ ಮುಂದೆಯೂ ನಿಂತೇ ಇರಲಿಲ್ಲ. ಅಲ್ಲೇ ಕುಳಿತು ಮಗುವಿನಂತೆ ಅತ್ತ.

ಅಂದು ಮಠದಲ್ಲಿ ಬರೀ ಅಂಬಲಿ. ಅಪ್ಪಗಳು ಎರಡು ಸಲ ಹಾಕಿಸಿಕೊಂಡು ಉಂಡರು.

ಮರುದಿನ ಈರಸಂಗಪ್ಪ ಒಂದು ಹೆಗಲಿಗೆ ಬಳೆಯ ಮಲಾರ, ಇನ್ನೊಂದಕ್ಕೆ ಜೋಳಿಗೆ ಹಾಕಿಕೊಂಡು ಹೊರಟ. ಕಾಲು ನಿಲ್ಲಿಸದಿದ್ದರೂ ಮನೆ ಮನೆಯ ಮುಂದೆ ತಾನೇ ನಿಂತ.