ಸಿಂಗಾರಿ ಪಕ್ಕದ ಮನೆಯ ರೊಟ್ಟಿ ತಿಂದದ್ದು

"ಗುರುಗಳೇ, ಒಬ್ಬರಿಗೆ ಕೊಟ್ಟ ಪ್ರೀತಿಯನ್ನು ಇನ್ನೊಬ್ಬರಿಗೂ ಕೊಟ್ಟರೆ ಮೊದಲನೆಯವರ ಪಾಲು ಕಡಿಮೆಯಾಗುವುದಿಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಒಂಟಿ ಮನುಷ್ಯ. ಅವನಿಗೊಂದು ಹೆಣ್ಣುನಾಯಿ, ಹೆಸರು ಸಿಂಗಾರಿ. ಹೆಸರಿಗೆ ತಕ್ಕ ರೂಪವೇನೂ ಇರಲಿಲ್ಲ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು, ಬಾಲ ಅರ್ಧ. ಆದರೂ ನೇಕಾರನಿಗೆ ಅದೆಂದರೆ ಪ್ರಾಣ. ಅದಕ್ಕೂ ಅಷ್ಟೇ. ಅವನ ಕೈಯಿಂದಲ್ಲದೆ ತಿನ್ನುತ್ತಿರಲಿಲ್ಲ, ಬೇರೆ ಯಾರನ್ನೂ ಅಂಗಳಕ್ಕೆ ಕಾಲಿಡಲು ಬಿಡುತ್ತಿರಲಿಲ್ಲ. ಕಂಬಳಿ ಬೇಕಾದವರು ಬೇಲಿಯಾಚೆ ನಿಂತು ಕೂಗಬೇಕಿತ್ತು. ಸಿಂಗಾರಿ ಬೊಗಳಿದಾಗಲೆಲ್ಲ ಅವನು ಅದರ ಬೆನ್ನು ಸವರಿ, ನನ್ನನ್ನು ಬಿಟ್ಟರೆ ಇದಕ್ಕೆ ಲೋಕವೇ ಇಲ್ಲ ಎಂದು ಬಂದವರಿಗೆ ಹೇಳುತ್ತಿದ್ದ. ಹೇಳುವಾಗ ಅವನ ಮುಖ ಅರಳುತ್ತಿತ್ತು.

ಒಂದು ಬೆಳಿಗ್ಗೆ ಉಣ್ಣೆಯ ಮೂಟೆ ಎತ್ತಲು ಹೋಗಿ ಅವನ ಸೊಂಟ ಹಿಡಿದುಕೊಂಡಿತು. ಅಂಗಳದಲ್ಲೇ ಅಂಗಾತ ಬಿದ್ದ. ಕೂಗು ಕೇಳಿ ಪಕ್ಕದ ಮನೆಯ ಕುಂಬಾರಗಿತ್ತಿ ಓಡಿಬಂದಳು. ಸಿಂಗಾರಿ ಹಲ್ಲು ತೋರಿಸಿತು. ಅವಳು ಹೋಗಿ ನಾಟಿ ವೈದ್ಯನನ್ನು ಕರೆತಂದಳು. ವೈದ್ಯ ಒಂದು ಹೆಜ್ಜೆ ಒಳಗಿಟ್ಟ, ನಾಲ್ಕು ಹೆಜ್ಜೆ ಹಿಂದೆ ಹಾರಿದ, ಕೊನೆಗೆ ಪಕ್ಕದ ಮೋಟುಗೋಡೆ ಹತ್ತಿ ಕುಳಿತ. ಎಡಮಗ್ಗುಲಿಗೆ ಹೊರಳು, ಮೊಣಕಾಲು ಮಡಚು ಎಂದು ಅಲ್ಲಿಂದಲೇ ಚಿಕಿತ್ಸೆ ಹೇಳತೊಡಗಿದ. ಎಣ್ಣೆಯ ಕುಡಿಕೆಯನ್ನು ಕೋಲಿನ ತುದಿಗೆ ಕಟ್ಟಿ ಚಾಚಿದ. ಸಿಂಗಾರಿ ಕೋಲನ್ನು ಕಚ್ಚಿ ಎಳೆಯಿತು. ನೇಕಾರನ ಸೊಂಟಕ್ಕೆ ಕಾಯಿಸಿದ ಎಣ್ಣೆಯೆಲ್ಲ ನಾಯಿಯ ಮೈಗಾಯಿತು.

ಮೊದಮೊದಲು ನೇಕಾರನಿಗೆ ನೋವಿನಲ್ಲೂ ಹೆಮ್ಮೆಯಿತ್ತು. ಬಿಸಿಲೇರಿ ಗಂಟಲೊಣಗಿದಾಗ ಹೆಮ್ಮೆ ಇಳಿಯಿತು. ಆಚೆ ಹೋಗು ಎಂದು ನಾಯಿಯನ್ನು ಗದರಿದ. ಆ ಮಾತನ್ನು ಸಿಂಗಾರಿ ಅವನ ಬಾಯಿಂದ ಎಂದೂ ಕೇಳಿರಲಿಲ್ಲ. ಇದೂ ಒಂದು ಹೊಗಳಿಕೆಯೆಂದು ತಿಳಿದು ಅವನ ಎದೆಯ ಮೇಲೆ ಹತ್ತಿ ಕುಳಿತಿತು. ಮಧ್ಯಾಹ್ನ ಕಳೆದ ಮೇಲೆ ಅವನೇ ತೆವಳಿಕೊಂಡು ಬೇಲಿಯವರೆಗೆ ಬಂದ. ಕುಂಬಾರಗಿತ್ತಿ ಬೇಲಿಯ ಕಿಂಡಿಯಲ್ಲಿ ಸೌಟು ತೂರಿಸಿ ನೀರು ಕುಡಿಸಿದಳು. ಅದೇ ಕಿಂಡಿಗೆ ಅವನು ಬೆನ್ನು ಕೊಟ್ಟ. ವೈದ್ಯ ಆಚೆಯಿಂದ ಎರಡು ಬೆರಳು ತೂರಿಸಿ ಸೊಂಟ ನೀವಿದ.

ಸೊಂಟ ನೆಟ್ಟಗಾಗಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಅವನು ಆರು ವರ್ಷದಿಂದ ಕಾಣದ ಅಕ್ಕನ ಊರಿಂದ ಹೇಳಿಕಳಿಸಿದರು. ಅವಳ ಕಣ್ಣು ಮಂಜಾಗುತ್ತ ಬಂದಿದೆ, ಇನ್ನೆರಡು ತಿಂಗಳಲ್ಲಿ ಪೂರ್ತಿ ಹೋಗಬಹುದು, ಅದಕ್ಕೆ ಮೊದಲು ತಮ್ಮನ ಮುಖ ನೋಡಬೇಕಂತೆ. ಎರಡು ದಿನದ ದಾರಿ. ನಡುವೆ ಹೊಳೆ, ಅಂಬಿಗ ನಾಯಿಯನ್ನು ತೆಪ್ಪಕ್ಕೆ ಹತ್ತಿಸುವವನಲ್ಲ. ಬಿಟ್ಟುಹೋದರೆ ಸಿಂಗಾರಿ ಉಪವಾಸ ಸಾಯುತ್ತದೆ. ನೇಕಾರ ಎರಡು ದಿನ ಮಗ್ಗಕ್ಕೆ ಕೈ ಹಚ್ಚಲಿಲ್ಲ. ಮೂರನೆಯ ದಿನ ಕುಂಬಾರಗಿತ್ತಿಯ ಬಾಗಿಲಿಗೆ ಹೋಗಿ ನಿಂತ.

"ನಾಳೆಯಿಂದ ಬಂದು ಕೂರುತ್ತೇನೆ," ಎಂದಳು ಅವಳು. "ನಿನ್ನದು ಒಂದೇ ಕೆಲಸ. ಅದು ಬೊಗಳಿದಾಗ ಬೆನ್ನು ಸವರಬೇಡ."

"ಸವರಿದರೇನು?"

"ಇಷ್ಟು ವರ್ಷ ನೀನು ಶಭಾಷ್ ಅಂದದ್ದು ಅದಕ್ಕೆ ಚೆನ್ನಾಗಿ ಅರ್ಥವಾಗಿದೆ."

ಮರುದಿನ ಅವಳು ಬಂದು ಬೇಲಿಯ ಬಾಯಲ್ಲಿ ನಾಯಿಗೆ ಬೆನ್ನುಹಾಕಿ ಕುಳಿತು ಅವರೆಕಾಯಿ ಸುಲಿಯತೊಡಗಿದಳು. ನಾಯಿಯತ್ತ ನೋಡಲಿಲ್ಲ, ಕರೆಯಲಿಲ್ಲ. ನೇಕಾರನೊಡನೆ ಅದೂ ಇದೂ ಮಾತಾಡಿ, ಏಳುವಾಗ ಹಿಂದಕ್ಕೊಂದು ರೊಟ್ಟಿಯ ಚೂರು ಬೀಳಿಸಿ ಹೋದಳು. ಸಿಂಗಾರಿ ಗಂಟಲು ಕಟ್ಟುವವರೆಗೆ ಬೊಗಳಿತು. ಸವರಲು ಏಳುವ ಕೈಯನ್ನು ನೇಕಾರ ತೊಡೆಯ ಕೆಳಗಿಟ್ಟು ಅದರ ಮೇಲೆ ಕುಳಿತ. ಐದನೆಯ ದಿನ, ಅವಳು ಹೋದ ಮೇಲೆ ರೊಟ್ಟಿ ಮಾಯವಾಯಿತು. ಹತ್ತನೆಯ ದಿನ ಅವಳು ಕುಳಿತಿದ್ದಾಗಲೇ ಮಾಯವಾಯಿತು. ಆಮೇಲೆ ಮೂವರೂ ಒಟ್ಟಿಗೆ ಕೆರೆಯವರೆಗೆ ನಡೆದುಬರತೊಡಗಿದರು. ಒಂದು ದಿನ ನೇಕಾರ ದಾರಿಯಲ್ಲೇ ನಿಂತ. ಅವರಿಬ್ಬರೇ ಒಂದು ಸುತ್ತು ಹೋಗಿಬಂದರು. ಮರುದಿನ ಎರಡು ಸುತ್ತು. ವೈದ್ಯನೂ ರೊಟ್ಟಿ ಹಿಡಿದು ಬಂದು ಮೋಟುಗೋಡೆ ಹತ್ತಿ ಕುಳಿತ. ಎಂಟು ದಿನದಲ್ಲಿ ಅವನೂ ಗೋಡೆಯಿಂದ ಇಳಿದ.

ಆಗ ನೇಕಾರನಿಗೆ ಹೊಟ್ಟೆಯುರಿ ಶುರುವಾಯಿತು. ತನ್ನನ್ನು ಕಾಣದೆ ನಾಯಿ ಎಷ್ಟು ಒದ್ದಾಡುತ್ತದೋ ನೋಡೋಣವೆಂದು ಕುಂಬಾರಗಿತ್ತಿಯ ಮಡಕೆಗಳ ಹಿಂದೆ ಅಡಗಿ ಕುಳಿತ. ಸಿಂಗಾರಿ ಅವಳ ಮುಂದೆ ನಾಲ್ಕೂ ಕಾಲು ಮೇಲೆತ್ತಿ ಅವಳ ಕೈಯಿಂದ ಹೊಟ್ಟೆ ತುರಿಸಿಕೊಳ್ಳುತ್ತ ಬಿದ್ದಿತ್ತು. ಅವನಿಗೆ ಅಂದು ಊಟ ಸೇರಲಿಲ್ಲ. ಮರುದಿನ ಅವಳು ಬರುವ ಮೊದಲೇ ನಾಯಿಗೆ ಹೊಟ್ಟೆ ಬಿರಿಯುವಷ್ಟು ಬೆಲ್ಲ ಕಲಸಿದ ಅನ್ನ ಹಾಕಿದ. ಸಿಂಗಾರಿ ಅದನ್ನೂ ತಿಂದಿತು, ಅವಳು ತಂದ ರೊಟ್ಟಿಯನ್ನೂ ತಿಂದಿತು.

ಕೊನೆಗೆ ಅವನು ಹೊರಟ. ಹತ್ತು ಸಲ ತಿರುಗಿ ನೋಡಿದ. ಅಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ, ಮೂಗು ಅಪ್ಪನದೇ ಎಂದಳು. ಆರು ವರ್ಷದ ಮಾತೆಲ್ಲ ನಾಲ್ಕು ದಿನದಲ್ಲಿ ಆಡಿ ಮುಗಿಸಿದರು. ಹಿಂದಿರುಗುವ ದಾರಿಯುದ್ದಕ್ಕೂ ಅವನ ಕಣ್ಣಿಗೆ ಕಟ್ಟಿದ್ದು ಎಲುಬು ಕಾಣುವ, ಬಾಗಿಲಲ್ಲಿ ತಲೆಯಿಟ್ಟು ಕಾಯುವ ಸಿಂಗಾರಿ. ನಿಜ ಹೇಳಬೇಕೆಂದರೆ, ಹಾಗೆ ಕಂಡರೆ ಅವನಿಗೆ ಸ್ವಲ್ಪ ಸಮಾಧಾನವೂ ಆಗುತ್ತಿತ್ತು.

ಸಿಂಗಾರಿ ದಪ್ಪಗಾಗಿತ್ತು. ಅವನನ್ನು ಕಂಡದ್ದೇ ಬೀದಿಯುದ್ದ ಓಡಿಬಂದು, ಕುಂಯ್‌ಗುಟ್ಟಿ, ಮುಖವೆಲ್ಲ ನೆಕ್ಕಿ, ಮೂರು ಸಲ ಸುತ್ತು ಹಾಕಿತು. ಆಮೇಲೆ ಅವನ ಪಂಚೆಯ ಅಂಚು ಕಚ್ಚಿ ಎಳೆಯಿತು. ಅವನು ತನ್ನ ಮನೆಯತ್ತ ತಿರುಗಿದ. ಅದು ಪಕ್ಕದ ಮನೆಯತ್ತ ಎಳೆಯಿತು. ಅಲ್ಲಿ ಊಟದ ಹೊತ್ತಾಗಿತ್ತು. ವೈದ್ಯ ಮೊದಲೇ ಬಂದು ಕುಳಿತಿದ್ದ. ಕುಂಬಾರಗಿತ್ತಿ ಏನನ್ನೂ ಕೇಳದೆ ಇನ್ನೊಂದು ತಟ್ಟೆ ಹಾಕಿದಳು. ಆ ಊರಿನಲ್ಲಿ ನೇಕಾರ ಇನ್ನೊಬ್ಬರ ಮನೆಯಲ್ಲಿ ಉಂಡದ್ದು ಅದೇ ಮೊದಲು.

ಕತೆ ನಿಂತಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕೊನೆಗೆ ಆ ನಾಯಿಗೆ ಅವರಲ್ಲಿ ಯಾರು ಹೆಚ್ಚಾದರು, ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅದನ್ನು ಕೇಳಬೇಕೆಂದು ನಾಯಿಗೆ ಹೊಳೆಯಲೇ ಇಲ್ಲ."