ಕಾಳಾಚಾರಿ ಎಂಬ ತಂಬಿಗೆ

“ಗುರುಗಳೇ, ನಮ್ಮ ಹೆಸರನ್ನು ನಾವೇ ಕಾಯದಿದ್ದರೆ ಅದು ಉಳಿಯುತ್ತದೆಯೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಕಾಳಾಚಾರಿ ಎಂಬ ಒಬ್ಬ ಕಂಚುಗಾರನಿದ್ದ. ದಾರಿ ನಡೆಯುವವರಿಗೆಂದು ಅವನು ಒಂದು ಹೊಸ ಬಗೆಯ ತಂಬಿಗೆ ಮಾಡಿದ. ಮುಚ್ಚಳ ತಿರುಗಿಸಿ ಬಿಗಿದರೆ, ತಲೆಕೆಳಗು ಹಿಡಿದರೂ ಹನಿ ನೀರು ಚೆಲ್ಲುತ್ತಿರಲಿಲ್ಲ. ಜನ ಮೊದಲು ಅದನ್ನು ಕಾಳಾಚಾರಿಯ ತಂಬಿಗೆ ಎಂದರು. ಬರಬರುತ್ತಾ ತಂಬಿಗೆ ಎನ್ನುವುದನ್ನೇ ಬಿಟ್ಟರು. ಕಾಳಾಚಾರಿ ಎಂದರೆ ಸಾಕಾಯಿತು.

ಇದನ್ನು ಕಂಡ ಒಬ್ಬ ವರ್ತಕ ತೆಳ್ಳನೆಯ ತಗಡಿನಲ್ಲಿ ಅಂಥದೇ ತಂಬಿಗೆಗಳನ್ನು ಮಾಡಿಸಿ, ಅದೇ ಹೆಸರು ಹೇಳಿ ಮಾರತೊಡಗಿದ. ಒಂದು ದಿನ ಸಂತೆಯಲ್ಲಿ ಅವನ ಅಂಗಡಿಯ ಮುಂದೆ ಒಬ್ಬ ಹೆಂಗಸು ಕೂಗಾಡುತ್ತಿದ್ದಳು.

“ಏನಯ್ಯಾ, ನಿನ್ನ ಕಾಳಾಚಾರಿ ತಳದಲ್ಲೇ ಸೋರುತ್ತಲ್ಲ! ಬೇರೆ ಕಾಳಾಚಾರಿ ಕೊಡ್ತೀಯೋ, ಇಲ್ಲ ಇದನ್ನೇ ನಿನ್ನ ತಲೆಗೆ ಕುಕ್ಕಲೋ?”

ಸಂತೆಯವರೆಲ್ಲ ನಕ್ಕರು. ಅಲ್ಲೇ ನಿಂತಿದ್ದ ಕಾಳಾಚಾರಿಗೆ ಮುಖ ಎತ್ತಲಾಗಲಿಲ್ಲ. ಹೆಸರು ಹೀಗೆ ಕೆಟ್ಟರೆ ತನ್ನ ಕುಲುಮೆ ಆರಿಹೋಗುತ್ತದೆ ಎಂದು ಹೆದರಿ ಅವನು ಅರಸನಿಗೆ ದೂರು ಕೊಟ್ಟ.

ಅರಸ ವರ್ತಕನನ್ನು ಕರೆಸಿದ. “ಸ್ವಾಮಿ, ಅದು ಈಗ ಆಚಾರಿಯ ಹೆಸರಲ್ಲ, ಪಾತ್ರೆಯ ಹೆಸರು. ಬೇಕಾದರೆ ಇವನ ಹೆಂಡತಿಯನ್ನೇ ಕೇಳಿ ನೋಡಿ” ಎಂದ ವರ್ತಕ.

ಹೆಂಡತಿ ಬಂದಳು.

“ನಿನ್ನ ಗಂಡನ ಹೆಸರೇನಮ್ಮ?” ಎಂದು ಅರಸ ಕೇಳಿದ.

ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಆ ಕಾಲದಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆಯಾದಂದಿನಿಂದ ಅವಳೂ ಹೇಳಿದವಳಲ್ಲ.

“ಹೋಗಲಿ ಬಿಡು. ದಾರಿಗೆ ನೀರು ಯಾವುದರಲ್ಲಿ ತಂದೆ?”

“ಕಾಳಾಚಾರಿಯಲ್ಲಿ, ಸ್ವಾಮಿ” ಎಂದಳು ಥಟ್ಟನೆ.

ಸಭೆಯೇ ನಕ್ಕಿತು.

“ಗಂಡನ ಹೆಸರು ಹೇಳದವಳ ಬಾಯಲ್ಲೂ ಇದು ಸಲೀಸಾಗಿ ಬಂತು. ಇನ್ನು ಇದು ನಿನ್ನೊಬ್ಬನದಲ್ಲ, ಆಚಾರಿ. ಯಾರು ಬೇಕಾದರೂ ಬಳಸಲಿ” ಎಂದು ಅರಸ ತೀರ್ಪು ಕೊಟ್ಟ. ಆಮೇಲೆ ಅವನಿಗೇ ಮರುಕವಾಯಿತು. “ನಿನ್ನ ತಂಬಿಗೆಗೆ ನನ್ನ ಹೆಸರಿಟ್ಟುಕೋ. ಅದನ್ನು ಇಂದಿನವರೆಗೆ ಯಾರಿಗೂ ಬಳಸಲು ಬಿಟ್ಟಿಲ್ಲ. ನಿನ್ನ ಹೊರತು ಬೇರೆಯವರು ಬಳಸಿದರೆ ನಾಲಿಗೆ ಸೀಳಿಸುತ್ತೇನೆ.”

ವರ್ತಕನ ಮುಖ ಬಾಡಿತು. ಕಾಳಾಚಾರಿ ಹೆಂಡತಿಯ ಕಡೆ ನೋಡಿದ. ತಾನು ಹೇಳಿದ್ದೇನೆಂದು ಅವಳಿಗೆ ಆಗಷ್ಟೇ ಹೊಳೆದಿತ್ತು. ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಇಷ್ಟು ವರ್ಷ ಅವಳು ದಿನವೂ ತನ್ನನ್ನು ಹೆಸರು ಹಿಡಿದು ಕರೆದಿದ್ದಾಳೆ ಎಂದುಕೊಂಡಾಗ ಅವನ ಎದೆ ಉಬ್ಬಿತು. ಅವನು ತಲೆ ಎತ್ತಿದ.

“ಬೇಡ ಸ್ವಾಮಿ. ನಿಮ್ಮ ಹೆಸರನ್ನು ಜನ ಹೆದರಿಕೆಯಾದಾಗ ಹೇಳುತ್ತಾರೆ. ನನ್ನದನ್ನು ಬಾಯಾರಿಕೆಯಾದಾಗ ಹೇಳುತ್ತಾರೆ. ಸೋರದ ಹಾಗೆ ಮಾಡುವುದನ್ನು ನನ್ನ ಕೈ ನೋಡಿಕೊಳ್ಳುತ್ತದೆ.”

ಕೈಮುಗಿದು, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ “ಆ ಅರಸನ ಹೆಸರೇನು, ಗುರುಗಳೇ?” ಎಂದು ಕೇಳಿದಳು.

“ಅವನು ಅದನ್ನು ಯಾರಿಗೂ ಬಳಸಲು ಬಿಡಲಿಲ್ಲವಲ್ಲ ತಾಯಿ, ನನ್ನವರೆಗೆ ಬರಲೇ ಇಲ್ಲ.”